ಸ್ಮಾರ್ಟ್‌ಫೋನ್‌ನಲ್ಲಿ ಮರುಕಳಿಸುವ ರಿಮೈಂಡರ್‌ಗಳನ್ನು ಸರಿಯಾಗಿ ಹೊಂದಿಸುವ ಕ್ರಮ

ಒಮ್ಮೆ ಮಾತ್ರ ಮಾಡಬೇಕಾದ ಕೆಲಸಕ್ಕೆ ರಿಮೈಂಡರ್ ಇಡುವುದು ಸುಲಭ; ದಿನಾಂಕ, ಸಮಯ ಕೊಟ್ಟರೆ ಮುಗಿಯಿತು. ಮತ್ತೆ ಮತ್ತೆ ಬರುವ ಕೆಲಸಕ್ಕೆ ಅಷ್ಟು ಸಾಲದು, ಏಕೆಂದರೆ ಅಲ್ಲಿ ನಾವು ಫೋನಿಗೆ ಒಪ್ಪಿಸುವುದು ಮುಂದಿನ ಎಲ್ಲ ದಿನಾಂಕಗಳನ್ನು ಲೆಕ್ಕ ಹಾಕಿಕೊಡುವ ಒಂದು ನಿಯಮವನ್ನು. ಆ ನಿಯಮದಲ್ಲಿ ಸಣ್ಣ ದೋಷವಿದ್ದರೆ ಅದು ಮೊದಲ ಸಲ ಗೊತ್ತಾಗುವುದಿಲ್ಲ. ಮೊದಲ ವಾರ ಎಲ್ಲವೂ ಸರಿಯಾಗಿಯೇ ಮೊಳಗುತ್ತದೆ. ಕೆಲವು ತಿಂಗಳು ಕಳೆದು, ನಾವು ಅದನ್ನು ಪೂರ್ತಿ ನಂಬಿ ನಿಶ್ಚಿಂತರಾದ ಮೇಲೆ, ಒಂದು ದಿನ ಸುಮ್ಮನೆ ತಪ್ಪಿಹೋಗುತ್ತದೆ. ಆದ್ದರಿಂದ ಫೋನನ್ನು ಕೈಗೆತ್ತಿಕೊಳ್ಳುವ ಮೊದಲು ಕೆಲಸ ಯಾವ ರೀತಿಯಲ್ಲಿ ಮರುಕಳಿಸುತ್ತದೆ ಎಂಬುದನ್ನು ನಿರ್ಧರಿಸಿಕೊಳ್ಳಬೇಕು, ನಿಯಮವನ್ನು ಸರಿಯಾದ ಆ್ಯಪ್‌ನಲ್ಲಿ ಬರೆಯಬೇಕು, ಬರೆದ ನಿಯಮವನ್ನು ಫೋನಿನ ಬ್ಯಾಟರಿ ಉಳಿಸುವ ವ್ಯವಸ್ಥೆ ಹತ್ತಿಕ್ಕದಂತೆ ನೋಡಿಕೊಳ್ಳಬೇಕು. ಈ ಮೂರರಲ್ಲಿ ಮೊದಲನೆಯದು ಮತ್ತು ಕೊನೆಯದು ಹೆಚ್ಚು ಗಮನ ಬೇಡುತ್ತವೆ. ನಡುವಿನದು ಕೆಲವು ಗುಂಡಿಗಳನ್ನು ಒತ್ತುವ ಕೆಲಸ ಮಾತ್ರ.

ಮೊದಲು ನಿಯಮವನ್ನು ನಿರ್ಧರಿಸಿ

ಮರುಕಳಿಸುವ ಕೆಲಸಗಳಲ್ಲಿ ಎರಡು ಬಗೆಗಳಿವೆ. ಮೊದಲ ಬಗೆಯವು ಕ್ಯಾಲೆಂಡರಿಗೆ ಕಟ್ಟಿಕೊಂಡವು. ಮನೆ ಬಾಡಿಗೆ, ಸಾಲದ ಕಂತು, ವಾರದ ಸಭೆ, ಹುಟ್ಟುಹಬ್ಬ, ವಿಮೆಯ ನವೀಕರಣ ಇವೆಲ್ಲ ನೀವು ಹಿಂದಿನ ಸಲ ಮಾಡಿದ್ದರೂ ಬಿಟ್ಟಿದ್ದರೂ ನಿಗದಿತ ದಿನಕ್ಕೇ ಬರುತ್ತವೆ. ಎರಡನೆಯ ಬಗೆಯವು ಹಿಂದಿನ ಸಲ ಆ ಕೆಲಸವನ್ನು ಯಾವಾಗ ಮಾಡಿದಿರಿ ಎಂಬುದನ್ನು ಅವಲಂಬಿಸಿವೆ. ನೀರಿನ ಫಿಲ್ಟರ್ ಬದಲಿಸುವುದು, ಗಿಡಗಳಿಗೆ ಗೊಬ್ಬರ ಹಾಕುವುದು, ವಾಹನದ ಸರ್ವಿಸ್, ಹಾಸಿಗೆ ತಿರುವಿ ಹಾಕುವುದು ಈ ಗುಂಪಿಗೆ ಸೇರುತ್ತವೆ. ಫಿಲ್ಟರನ್ನು 90 ದಿನಕ್ಕೊಮ್ಮೆ ಬದಲಿಸಬೇಕೆಂದಿದ್ದು, ಈ ಸಲ ನೀವು 20 ದಿನ ತಡವಾಗಿ ಬದಲಿಸಿದರೆ, ಮುಂದಿನ ಬದಲಾವಣೆ ಆ ದಿನದಿಂದ 90 ದಿನಗಳಿಗೆ ಬರಬೇಕೇ ಹೊರತು ಹಳೆಯ ಪಟ್ಟಿಯಂತೆ 70 ದಿನಗಳಿಗೆ ಅಲ್ಲ.

ಫೋನಿನಲ್ಲಿ ಬರುವ ಬಹುತೇಕ ಆ್ಯಪ್‌ಗಳು ಮೊದಲ ಬಗೆಯ ಲೆಕ್ಕವನ್ನೇ ಮಾಡುತ್ತವೆ. ಎರಡನೆಯ ಬಗೆಯ ಲೆಕ್ಕ ಬೇಕಾದರೆ ಅದಕ್ಕೆ ಸೌಲಭ್ಯವಿರುವ ಆ್ಯಪ್ ಬಳಸಬೇಕಾಗುತ್ತದೆ. ಉದಾಹರಣೆಗೆ ಟುಡೂಯಿಸ್ಟ್ ಎಂಬ ಆ್ಯಪ್‌ನಲ್ಲಿ ದಿನಾಂಕದ ಜಾಗದಲ್ಲಿ ‘ಎವ್ರಿ’ ಎಂಬ ಪದದ ಜತೆ ಅವಧಿಯನ್ನು ಬರೆದರೆ ನಿಗದಿತ ಪಟ್ಟಿಯಂತೆ ಎಣಿಸುತ್ತದೆ. ಅದೇ ಪದದ ಕೊನೆಗೆ ಆಶ್ಚರ್ಯಸೂಚಕ ಚಿಹ್ನೆ ಸೇರಿಸಿದರೆ ನೀವು ಕೆಲಸ ಮುಗಿಸಿದ ದಿನದಿಂದ ಎಣಿಸುತ್ತದೆ. ಹೊಸ ಆ್ಯಪ್ ಹಾಕಿಕೊಳ್ಳಲು ಇಷ್ಟವಿಲ್ಲದವರಿಗೆ ಇನ್ನೊಂದು ದಾರಿ ಇದೆ. ಅಂಥ ಕೆಲಸಕ್ಕೆ ಮರುಕಳಿಸುವ ನಿಯಮವನ್ನೇ ಕೊಡದೆ ಒಂದೇ ಸಲದ ರಿಮೈಂಡರ್ ಇಡಿ. ಕೆಲಸ ಮುಗಿದ ತಕ್ಷಣ, ಕೈ ಒರೆಸಿಕೊಂಡ ಕೂಡಲೇ, ಅದರ ದಿನಾಂಕವನ್ನು ಮುಂದಕ್ಕೆ ಬದಲಿಸಿ. ಸ್ವಲ್ಪ ಶ್ರಮ ಹೆಚ್ಚಾದರೂ ಲೆಕ್ಕ ಎಂದೂ ತಪ್ಪುವುದಿಲ್ಲ.

ಕ್ಯಾಲೆಂಡರಿಗೆ ಕಟ್ಟಿಕೊಂಡ ಕೆಲಸಗಳಲ್ಲೂ ಹತ್ತಿರ ಹತ್ತಿರ ಕಾಣುವ ನಿಯಮಗಳು ಬೇರೆ ಬೇರೆ ಫಲ ಕೊಡುತ್ತವೆ. ‘ದಿನ ಬಿಟ್ಟು ದಿನ’ ಎಂಬುದನ್ನು ಹಲವರು ಸೋಮವಾರ, ಬುಧವಾರ, ಶುಕ್ರವಾರ ಎಂದು ನಮೂದಿಸುತ್ತಾರೆ. ಆದರೆ ವಾರದಲ್ಲಿ 7 ದಿನಗಳಿರುವುದರಿಂದ ನಿಜವಾದ ದಿನ ಬಿಟ್ಟು ದಿನದ ಕ್ರಮವು ಶುಕ್ರವಾರದ ನಂತರ ಭಾನುವಾರಕ್ಕೆ, ಆಮೇಲೆ ಮಂಗಳವಾರಕ್ಕೆ ಹೋಗಿ, 14 ದಿನಗಳ ನಂತರವೇ ಮತ್ತೆ ಮೊದಲ ಸ್ಥಾನಕ್ಕೆ ಬರುತ್ತದೆ. ವ್ಯಾಯಾಮಕ್ಕೆ ಮೊದಲನೆಯದು ಅನುಕೂಲ; ವೈದ್ಯರು ದಿನ ಬಿಟ್ಟು ದಿನ ತೆಗೆದುಕೊಳ್ಳಲು ಹೇಳಿದ ಮಾತ್ರೆಗೆ ‘ಪ್ರತಿ 2 ದಿನಕ್ಕೊಮ್ಮೆ’ ಎಂಬ ನಿಯಮವೇ ಬೇಕು. ಹಾಗೆಯೇ ‘ನಾಲ್ಕು ವಾರಕ್ಕೊಮ್ಮೆ’ ಎಂಬುದು ವರ್ಷಕ್ಕೆ 13 ಸಲ ಬರುತ್ತದೆ, ‘ತಿಂಗಳಿಗೊಮ್ಮೆ’ ಎಂಬುದು 12 ಸಲ ಬರುತ್ತದೆ. ‘30 ದಿನಕ್ಕೊಮ್ಮೆ’ ಎಂದು ಇಟ್ಟರೆ ಹನ್ನೆರಡು ಸುತ್ತಿಗೆ 360 ದಿನಗಳಾಗಿ, ವರ್ಷದ ಕೊನೆಗೆ ದಿನಾಂಕ ಐದಾರು ದಿನ ಹಿಂದಕ್ಕೆ ಸರಿದಿರುತ್ತದೆ. ಬಿಲ್ ಪಾವತಿಗೆ ಇಂಥ ಸರಿಯುವ ನಿಯಮ ಎಂದೂ ಬೇಡ.

ತಿಂಗಳ ಕೊನೆಯ ದಿನದ್ದು ಇನ್ನೂ ಸೂಕ್ಷ್ಮವಾದ ವಿಷಯ. ಕ್ಯಾಲೆಂಡರ್ ಆ್ಯಪ್‌ಗಳು ಪರಸ್ಪರ ಮಾಹಿತಿ ಹಂಚಿಕೊಳ್ಳಲು ಐಕ್ಯಾಲೆಂಡರ್ ಎಂಬ ಸಾಮಾನ್ಯ ಮಾನದಂಡವನ್ನು ಅನುಸರಿಸುತ್ತವೆ. 2009ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 5545 ಎಂಬ ದಾಖಲೆಯಲ್ಲಿ ಅದರ ವಿವರಗಳಿವೆ. ಆ ಮಾನದಂಡದ ಪ್ರಕಾರ, ನಿಯಮವು ಅಸ್ತಿತ್ವದಲ್ಲೇ ಇಲ್ಲದ ದಿನಾಂಕವನ್ನು ಸೂಚಿಸಿದರೆ ಆ ಸಲದ್ದನ್ನು ಬಿಟ್ಟುಬಿಡಬೇಕು. ಅಂದರೆ ‘ಪ್ರತಿ ತಿಂಗಳು 31ಕ್ಕೆ’ ಎಂದು ಇಟ್ಟ ರಿಮೈಂಡರ್ ಜನವರಿ, ಮಾರ್ಚ್, ಮೇ, ಜುಲೈ, ಆಗಸ್ಟ್, ಅಕ್ಟೋಬರ್, ಡಿಸೆಂಬರ್ ಈ ಏಳು ತಿಂಗಳಲ್ಲಿ ಮಾತ್ರ ಬಂದು, ಉಳಿದ ಐದು ತಿಂಗಳಲ್ಲಿ ಮೌನವಾಗಿರುತ್ತದೆ. ಫೆಬ್ರವರಿ 29ಕ್ಕೆ ಇಟ್ಟ ವಾರ್ಷಿಕ ರಿಮೈಂಡರ್ ಹೀಗೆಯೇ 2028ಕ್ಕೆ ಬಂದು ಮತ್ತೆ 2032ರವರೆಗೆ ಕಾಣಿಸದಿರಬಹುದು. ಕೆಲವು ಆ್ಯಪ್‌ಗಳು ಈ ಲೆಕ್ಕವನ್ನು ತಮ್ಮದೇ ರೀತಿಯಲ್ಲಿ ಸರಿಪಡಿಸಿಕೊಳ್ಳುತ್ತವೆ, ಆದರೆ ಅದನ್ನು ನಂಬಿ ಕೂರುವುದಕ್ಕಿಂತ ಆ್ಯಪ್‌ನಲ್ಲಿ ‘ತಿಂಗಳ ಕೊನೆಯ ದಿನ’ ಎಂಬ ಆಯ್ಕೆ ಇದ್ದರೆ ಅದನ್ನೇ ಆರಿಸುವುದು, ಇಲ್ಲದಿದ್ದರೆ 28ನೇ ತಾರೀಖನ್ನು ಇಟ್ಟುಕೊಳ್ಳುವುದು ಕ್ಷೇಮ. ಗಡುವು ಇರುವ ಕೆಲಸವನ್ನು ಕೊನೆಯ ದಿನಕ್ಕೆ ನೆನಪಿಸಿಕೊಳ್ಳುವುದೇ ತಡ ಎಂಬುದು ನನ್ನ ಅಭಿಪ್ರಾಯ. ಮೂರು ದಿನ ಮೊದಲೇ ನೆನಪಾದರೆ ಪಾವತಿ ವಿಫಲವಾದಾಗ ಮತ್ತೊಮ್ಮೆ ಪ್ರಯತ್ನಿಸಲು ಅವಕಾಶವಿರುತ್ತದೆ.

ನಿಯಮಕ್ಕೆ ಕೊನೆ ಇದೆಯೇ ಎಂಬುದನ್ನೂ ಈಗಲೇ ನಿರ್ಧರಿಸಿ. ಸಾಲದ ಕಂತು 60 ತಿಂಗಳಿಗೆ ಮುಗಿಯುವುದಾದರೆ ರಿಮೈಂಡರ್ ಕೂಡ 60 ಸಲಕ್ಕೆ ಮುಗಿಯಲಿ. ಕೊನೆಯಿಲ್ಲದೆ ಬಿಟ್ಟ ರಿಮೈಂಡರ್‌ಗಳು ಅಗತ್ಯ ತೀರಿದ ಮೇಲೂ ಬರುತ್ತಲೇ ಇರುತ್ತವೆ. ಅವನ್ನು ನೋಡದೆ ಪಕ್ಕಕ್ಕೆ ಸರಿಸುವ ರೂಢಿಯಾದರೆ ನಿಜವಾಗಿ ಬೇಕಾದದ್ದನ್ನೂ ಅದೇ ಬೆರಳು ಸರಿಸಿಬಿಡುತ್ತದೆ.

ಯಾವ ಕೆಲಸಕ್ಕೆ ಯಾವ ಆ್ಯಪ್

ಫೋನಿನಲ್ಲಿ ನೆನಪಿಸುವ ಸಾಧನಗಳು ಮೂರು ಇವೆ. ಗಡಿಯಾರದ ಅಲಾರಂ ನೀವು ನಿಲ್ಲಿಸುವವರೆಗೆ ಅಥವಾ ನಿಗದಿತ ಹೊತ್ತಿನವರೆಗೆ ಮೊಳಗುತ್ತಲೇ ಇರುತ್ತದೆ, ಆದರೆ ವಾರದ ದಿನಗಳ ಹೊರತು ಬೇರೆ ನಿಯಮ ಅದಕ್ಕೆ ತಿಳಿಯದು. ಕ್ಯಾಲೆಂಡರ್ ಬಹುತೇಕ ಎಲ್ಲ ನಿಯಮಗಳನ್ನೂ ಬಲ್ಲದು, ಆದರೆ ಕೆಲಸ ಆಯಿತೇ ಇಲ್ಲವೇ ಎಂಬುದನ್ನು ಕೇಳುವುದಿಲ್ಲ. ಹೊತ್ತು ಮೀರಿದರೆ ಅದರ ಪಾಲಿಗೆ ಆ ಘಟನೆ ಮುಗಿದಂತೆ. ರಿಮೈಂಡರ್ ಅಥವಾ ಟಾಸ್ಕ್ ಆ್ಯಪ್‌ನಲ್ಲಿ ನೀವು ಮುಗಿಯಿತು ಎಂದು ಗುರುತು ಹಾಕುವವರೆಗೆ ಕೆಲಸ ಬಾಕಿಯಾಗಿಯೇ ಕಾಣಿಸುತ್ತದೆ. ಹೀಗಾಗಿ ಆ ಕ್ಷಣದಲ್ಲೇ ಏಳಬೇಕಾದ ಅಥವಾ ಹೊರಡಬೇಕಾದ ಕೆಲಸಕ್ಕೆ ಅಲಾರಂ, ಇತರರೊಡನೆ ಹಾಜರಾಗಬೇಕಾದ ಕಾರ್ಯಕ್ಕೆ ಕ್ಯಾಲೆಂಡರ್, ಮಾಡಿ ಮುಗಿಸಬೇಕಾದ ಕೆಲಸಕ್ಕೆ ಟಾಸ್ಕ್ ಆ್ಯಪ್ ಸೂಕ್ತ.

ಹಂತಗಳು

ಮುಂದೆ ಹೇಳುವ ಗುಂಡಿಗಳ ಹೆಸರು ಮತ್ತು ಸ್ಥಾನ ಆವೃತ್ತಿಯಿಂದ ಆವೃತ್ತಿಗೆ ಸ್ವಲ್ಪ ಬದಲಾಗಬಹುದು. ಕ್ರಮ ಮಾತ್ರ ಹೆಚ್ಚುಕಡಿಮೆ ಇದೇ ಇರುತ್ತದೆ.

ಐಫೋನ್‌ನಲ್ಲಿ ರಿಮೈಂಡರ್ಸ್ ಆ್ಯಪ್ ತೆರೆದು ಹೊಸ ರಿಮೈಂಡರ್ ಬರೆಯಿರಿ. ಅದರ ಪಕ್ಕದ ‘ಐ’ ಗುರುತನ್ನು ಒತ್ತಿದರೆ ವಿವರಗಳ ಪುಟ ಬರುತ್ತದೆ. ಅಲ್ಲಿ ದಿನಾಂಕ ಮತ್ತು ಸಮಯ ಎರಡನ್ನೂ ಆನ್ ಮಾಡಿ, ನಂತರ ‘ರಿಪೀಟ್’ ಒತ್ತಿ. ಗಂಟೆಗೊಮ್ಮೆ, ದಿನವೂ, ಕೆಲಸದ ದಿನಗಳಂದು, ವಾರಾಂತ್ಯದಲ್ಲಿ, ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ಮೂರು ಅಥವಾ ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಎಂಬ ಸಿದ್ಧ ಆಯ್ಕೆಗಳು ಕಾಣುತ್ತವೆ. ಇವು ಸಾಲದಿದ್ದರೆ ‘ಕಸ್ಟಮ್’ ಒತ್ತಿ ಎಷ್ಟು ದಿನ, ವಾರ ಅಥವಾ ತಿಂಗಳಿಗೊಮ್ಮೆ ಎಂಬ ಸಂಖ್ಯೆಯನ್ನು ನೀವೇ ಕೊಡಬಹುದು. ತಿಂಗಳ ನಿಯಮದಲ್ಲಿ ನಿರ್ದಿಷ್ಟ ತಾರೀಖನ್ನಾಗಲಿ, ‘ಎರಡನೇ ಶನಿವಾರ’ದಂಥ ದಿನವನ್ನಾಗಲಿ ಆರಿಸಬಹುದು. ನಿಯಮ ಕೊಟ್ಟ ಮೇಲೆ ಅದರ ಕೆಳಗೆ ‘ಎಂಡ್ ರಿಪೀಟ್’ ಎಂಬ ಸಾಲು ಮೂಡುತ್ತದೆ. ಕೊನೆಯ ದಿನಾಂಕವನ್ನು ಅಲ್ಲಿ ಕೊಡಬೇಕು. ಐಫೋನ್‌ನ ಕಾರ್ಯವ್ಯವಸ್ಥೆಯಾದ ಐಓಎಸ್‌ನ 17ನೇ ಆವೃತ್ತಿಯಿಂದ ಈಚೆಗೆ ‘ಅರ್ಲಿ ರಿಮೈಂಡರ್’ ಎಂಬ ಸೌಲಭ್ಯವೂ ಇದೆ. ಗಡುವಿನ ದಿನವನ್ನೇ ದಿನಾಂಕವಾಗಿಟ್ಟು, ಕೆಲವು ದಿನ ಮುಂಚಿತವಾಗಿ ಒಂದು ಎಚ್ಚರಿಕೆ ಬರುವಂತೆ ಅದರಿಂದ ಮಾಡಬಹುದು. ಸಮಯವನ್ನು ಕೊಡದೆ ದಿನಾಂಕ ಮಾತ್ರ ಕೊಟ್ಟರೆ ಅದು ಇಡೀ ದಿನದ ರಿಮೈಂಡರ್ ಆಗುತ್ತದೆ, ಅದು ಎಷ್ಟು ಹೊತ್ತಿಗೆ ಕಾಣಿಸಬೇಕೆಂಬುದನ್ನು ಆ್ಯಪ್‌ನ ಸೆಟ್ಟಿಂಗ್ಸ್ ನಿರ್ಧರಿಸುತ್ತದೆ. ಸಮಯವನ್ನು ನೀವೇ ಕೊಡುವುದು ಮೇಲು.

ಆ್ಯಂಡ್ರಾಯ್ಡ್ ಫೋನ್‌ಗಳಲ್ಲಿ ಗೂಗಲ್ ಟಾಸ್ಕ್ಸ್ ಸುಲಭವಾಗಿ ಸಿಗುವ ಆ್ಯಪ್. ಹಿಂದೆ ಗೂಗಲ್ ಅಸಿಸ್ಟೆಂಟ್ ಮತ್ತು ಗೂಗಲ್ ಕ್ಯಾಲೆಂಡರ್‌ನಲ್ಲಿ ಇದ್ದ ರಿಮೈಂಡರ್‌ಗಳನ್ನು 2023ರಲ್ಲಿ ಟಾಸ್ಕ್ಸ್‌ಗೇ ವರ್ಗಾಯಿಸಲಾಯಿತು. ಹಳೆಯ ಮಾರ್ಗದರ್ಶಿಗಳಲ್ಲಿ ಹೇಳಿದ ಜಾಗದಲ್ಲಿ ರಿಮೈಂಡರ್ ಕಾಣದಿದ್ದರೆ ಕಾರಣ ಇದೇ. ಆ್ಯಪ್ ತೆರೆದು ಕೂಡುವ ಚಿಹ್ನೆ ಒತ್ತಿ, ಕೆಲಸದ ಹೆಸರು ಬರೆದು, ಗಡಿಯಾರದ ಗುರುತನ್ನು ಒತ್ತಿ. ದಿನಾಂಕ ಆರಿಸಿ, ಸಮಯ ಕೊಟ್ಟು, ‘ರಿಪೀಟ್’ ಆರಿಸಿದರೆ ಎಷ್ಟು ದಿನ, ವಾರ, ತಿಂಗಳು ಅಥವಾ ವರ್ಷಕ್ಕೊಮ್ಮೆ ಎಂದು ಕೇಳುವ ಪುಟ ಬರುತ್ತದೆ. ಎಂದಿನಿಂದ ಆರಂಭ, ಎಂದು ಮುಕ್ತಾಯ ಎಂಬುದನ್ನೂ ಅಲ್ಲೇ ಕೊಡಬಹುದು. ಮುಕ್ತಾಯಕ್ಕೆ ಮೂರು ಆಯ್ಕೆಗಳಿವೆ: ಎಂದೂ ಇಲ್ಲ, ಇಂಥ ದಿನಾಂಕದಂದು, ಇಷ್ಟು ಸಲ ಆದ ಮೇಲೆ. ಇಲ್ಲಿ ಇಟ್ಟ ಕೆಲಸಗಳು ಅದೇ ಖಾತೆಯ ಗೂಗಲ್ ಕ್ಯಾಲೆಂಡರ್‌ನಲ್ಲೂ ಕಾಣುತ್ತವೆ. ಇದರಿಂದ ಒಂದು ಪ್ರಯೋಜನವಿದೆ: ನಿಯಮ ಉಳಿಸಿದ ಮೇಲೆ ಕ್ಯಾಲೆಂಡರ್ ತೆರೆದು ಮುಂದಿನ ಮೂರು ನಾಲ್ಕು ತಿಂಗಳನ್ನು ಸರಿಸಿ ನೋಡಿದರೆ, ನೀವು ಅಂದುಕೊಂಡ ದಿನಗಳಿಗೇ ಅದು ಬಿದ್ದಿದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ. ನಿಯಮದ ದೋಷ ಹಿಡಿಯಲು ಇದಕ್ಕಿಂತ ಸರಳ ಪರೀಕ್ಷೆ ನನಗೆ ತಿಳಿದಿಲ್ಲ, ಯಾವ ಆ್ಯಪ್ ಬಳಸಿದರೂ ಮುಂದಿನ ದಿನಾಂಕಗಳನ್ನು ತೋರಿಸುವ ನೋಟವಿದ್ದರೆ ಇದನ್ನು ತಪ್ಪಿಸಬೇಡಿ.

ಕ್ಯಾಲೆಂಡರ್‌ನಲ್ಲಿ ಹೊಸ ಘಟನೆ ಸೇರಿಸುವಾಗಲೂ ಪುನರಾವರ್ತನೆಯ ಸಾಲು ಇದೇ ರೀತಿ ಇರುತ್ತದೆ. ಅಲ್ಲಿನ ಹೆಚ್ಚುಗಾರಿಕೆ ಎಂದರೆ ಒಂದೇ ಘಟನೆಗೆ ಒಂದಕ್ಕಿಂತ ಹೆಚ್ಚು ಎಚ್ಚರಿಕೆಗಳನ್ನು ಇಡಬಹುದು. ಗುರುತಿನ ದಾಖಲೆಯ ನವೀಕರಣದಂಥ ವಾರಗಟ್ಟಲೆ ಹಿಡಿಯುವ ಕೆಲಸಕ್ಕೆ ಒಂದು ತಿಂಗಳ ಮುಂಚೆ, ಒಂದು ವಾರದ ಮುಂಚೆ, ಹಿಂದಿನ ದಿನ ಹೀಗೆ ಮೂರು ಎಚ್ಚರಿಕೆಗಳಿದ್ದರೆ ಒಳ್ಳೆಯದು. ಅಲಾರಂ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ: ಸಮಯ ಕೊಟ್ಟು ವಾರದ ದಿನಗಳನ್ನು ಆರಿಸಿ, ಹೆಸರಿನ ಜಾಗದಲ್ಲಿ ಏತಕ್ಕೆ ಎಂದು ಬರೆಯಿರಿ. ಮೂರು ಅಲಾರಂಗಳು ಒಂದೇ ದನಿಯಲ್ಲಿ, ಹೆಸರಿಲ್ಲದೆ ಮೊಳಗಿದರೆ ಯಾವುದು ಏತಕ್ಕೆಂದು ಯಾರಿಗೂ ತಿಳಿಯುವುದಿಲ್ಲ.

ಬಾಯಿಮಾತಿನಲ್ಲಿ ಹೇಳಿ ರಿಮೈಂಡರ್ ಇಡುವವರು ಉಳಿಸುವ ಮುನ್ನ ಪರದೆಯನ್ನು ಒಮ್ಮೆ ಓದಬೇಕು. ಕೆಲಸದ ಹೆಸರು ಸರಿಯಾಗಿ ದಾಖಲಾಗಿದ್ದರೂ ‘ಪ್ರತಿ’ ಎಂಬ ಭಾಗ ಬಿಟ್ಟುಹೋಗಿ ಅದು ಒಂದೇ ಸಲದ ರಿಮೈಂಡರ್ ಆಗಿರುವುದು ಸಾಧ್ಯ.

ಮಾತ್ರೆಗಳ ರಿಮೈಂಡರ್

ಮರುಕಳಿಸುವ ರಿಮೈಂಡರ್ ನಿಜವಾಗಿಯೂ ಜೀವಕ್ಕೆ ನೆರವಾಗುವುದು ಔಷಧದ ವಿಷಯದಲ್ಲಿ. ದೀರ್ಘಕಾಲದ ಕಾಯಿಲೆ ಇರುವವರು ಚಿಕಿತ್ಸೆಯನ್ನು ಎಷ್ಟರಮಟ್ಟಿಗೆ ತಪ್ಪದೆ ಪಾಲಿಸುತ್ತಾರೆ ಎಂಬ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಪ್ರಕಟಿಸಿದ ವರದಿ, ಅಭಿವೃದ್ಧಿ ಹೊಂದಿದ ದೇಶಗಳಲ್ಲೂ ಆ ಪ್ರಮಾಣ ಸರಾಸರಿ ಶೇಕಡಾ 50ರಷ್ಟೇ ಎಂದು ಹೇಳಿತ್ತು. ಅದಕ್ಕೆ ಕಾರಣಗಳು ಹಲವು. ಮರೆವು ಅವುಗಳಲ್ಲಿ ಒಂದು, ಫೋನು ನೆರವಾಗಬಲ್ಲದ್ದು ಅದೊಂದಕ್ಕೇ. ಅಷ್ಟನ್ನಾದರೂ ಚೆನ್ನಾಗಿ ಮಾಡಿಸಿಕೊಳ್ಳೋಣ.

‘8 ಗಂಟೆಗೊಮ್ಮೆ’ ಎಂಬ ಸೂಚನೆಗೆ ಗಂಟೆಯ ನಿಯಮ ಹುಡುಕಬೇಕಾಗಿಲ್ಲ. ದಿನಕ್ಕೆ 24 ಗಂಟೆಗಳಿರುವುದರಿಂದ ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಎಂಬ ಮೂರು ದೈನಂದಿನ ರಿಮೈಂಡರ್‌ಗಳನ್ನು ಇಟ್ಟರೆ ಅದೇ ಆಗುತ್ತದೆ. ಪ್ರತಿಯೊಂದೂ ಪ್ರತ್ಯೇಕ ರಿಮೈಂಡರ್ ಆಗಿರುವುದರಿಂದ ಯಾವ ಹೊತ್ತಿನದು ಬಾಕಿ ಇದೆ ಎಂಬುದೂ ಸ್ಪಷ್ಟವಾಗಿರುತ್ತದೆ. ಏಳು ದಿನಗಳ ಔಷಧವನ್ನು ಈ ಸಂಜೆಯಿಂದ ಆರಂಭಿಸುವಾಗ ಒಂದು ಎಚ್ಚರ ಬೇಕು. ಮೂರೂ ರಿಮೈಂಡರ್‌ಗಳಿಗೆ ಒಂದೇ ಕೊನೆಯ ದಿನಾಂಕ ಕೊಟ್ಟರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ರಾತ್ರಿಯ ಸರಣಿ ಇಂದೇ ಆರಂಭವಾಗಿ ಆರು ದಿನಗಳ ನಂತರದ ರಾತ್ರಿಗೆ ಮುಗಿಯುತ್ತದೆ, ಬೆಳಿಗ್ಗೆ ಮತ್ತು ಮಧ್ಯಾಹ್ನದ ಸರಣಿಗಳು ನಾಳೆ ಆರಂಭವಾಗಿ ಇನ್ನೊಂದು ದಿನ ಮುಂದಕ್ಕೆ ಹೋಗುತ್ತವೆ. ‘7 ಸಲ ಆದ ಮೇಲೆ’ ಎಂಬ ಮುಕ್ತಾಯವನ್ನು ಪ್ರತಿ ಸರಣಿಗೂ ಕೊಟ್ಟರೆ ಒಟ್ಟು 21 ಸಲ ಸರಿಯಾಗಿ ಬರುತ್ತದೆ.

ಐಫೋನ್ ಬಳಸುವವರು ಹೆಲ್ತ್ ಆ್ಯಪ್‌ನಲ್ಲಿರುವ ‘ಮೆಡಿಕೇಶನ್ಸ್’ ವಿಭಾಗವನ್ನು ನೋಡಬಹುದು. ಐಓಎಸ್ 16ರಲ್ಲಿ ಬಂದ ಈ ವಿಭಾಗದಲ್ಲಿ ಔಷಧದ ಹೆಸರು, ಪ್ರಮಾಣ, ವೇಳೆ ನಮೂದಿಸಿದರೆ ಅದು ನೆನಪಿಸುವುದಲ್ಲದೆ, ತೆಗೆದುಕೊಂಡಿರೋ ಬಿಟ್ಟಿರೋ ಎಂಬುದನ್ನು ದಾಖಲಿಸಿಕೊಳ್ಳುತ್ತದೆ. ಐಓಎಸ್ 17ರಿಂದ, ನೀವು ದಾಖಲಿಸದೆ ಬಿಟ್ಟರೆ ಮತ್ತೊಮ್ಮೆ ನೆನಪಿಸುವ ಏರ್ಪಾಡೂ ಸೇರಿದೆ. ಯಾವ ಆ್ಯಪ್ ಆದರೂ ಮಾತ್ರೆ ನುಂಗಿದ ನಂತರವೇ ಗುರುತು ಹಾಕಿ. ರಿಮೈಂಡರ್ ಬಂದ ಕೂಡಲೇ ಗುರುತು ಹಾಕಿ ಆಮೇಲೆ ಮಾತ್ರೆ ಹುಡುಕಲು ಏಳುವ ಅಭ್ಯಾಸ ಅಪಾಯಕಾರಿ, ಏಕೆಂದರೆ ನಡುವೆ ಒಂದು ಫೋನ್ ಕರೆ ಬಂದರೆ ಸಾಕು, ದಾಖಲೆ ಮಾತ್ರ ಉಳಿದು ಮಾತ್ರೆ ಡಬ್ಬಿಯಲ್ಲೇ ಇರುತ್ತದೆ. ಒಂದು ಹೊತ್ತಿನದು ತಪ್ಪಿದಾಗ ಏನು ಮಾಡಬೇಕೆಂಬುದನ್ನು ವೈದ್ಯರಿಂದ ಮೊದಲೇ ಕೇಳಿ, ಅವರ ಮಾತನ್ನು ಆ ರಿಮೈಂಡರ್‌ನ ಟಿಪ್ಪಣಿಯ ಜಾಗದಲ್ಲಿ ಬರೆದಿಡಿ.

ಏನು ಬರೆಯಬೇಕು, ಎಷ್ಟು ಹೊತ್ತಿಗೆ ಬರಬೇಕು

‘ಬಿಲ್’, ‘ಗಿಡ’, ‘ಬ್ಯಾಕಪ್’ ಎಂಬ ಒಂದೇ ಪದದ ರಿಮೈಂಡರ್ ಬರೆಯುವಾಗ ಅರ್ಥವಾಗಿರುತ್ತದೆ, ಮೂರು ತಿಂಗಳ ನಂತರ ಓದುವಾಗ ಅರ್ಥವಾಗದು. ಮಾಡಬೇಕಾದ ಕ್ರಿಯೆಯನ್ನೇ ಬರೆಯಿರಿ: ‘ಫೋನಿನ ಫೋಟೊಗಳನ್ನು ಮೇಜಿನ ಖಾನೆಯಲ್ಲಿರುವ ಹಾರ್ಡ್ ಡಿಸ್ಕಿಗೆ ನಕಲಿಸಿ’ ಎಂಬ ವಾಕ್ಯ ಓದಿದವರು ಯೋಚಿಸದೆ ಏಳಬಲ್ಲರು. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕೆಲಸ ಮಾಡಬೇಕೆಂಬ ಬರಿಯ ಸಂಕಲ್ಪಕ್ಕಿಂತ ಯಾವಾಗ, ಎಲ್ಲಿ, ಹೇಗೆ ಮಾಡುವೆ ಎಂದು ಮೊದಲೇ ನಿಶ್ಚಯಿಸಿಕೊಂಡ ಸಂಕಲ್ಪ ಹೆಚ್ಚು ಫಲಿಸುತ್ತದೆ ಎಂದು ವಿವರಿಸಿದ್ದರು. ರಿಮೈಂಡರ್‌ನ ವಾಕ್ಯದಲ್ಲಿ ಈ ಮೂರೂ ಇದ್ದರೆ ಫೋನಿನ ಎಚ್ಚರಿಕೆ ಆ ಸಂಕಲ್ಪಕ್ಕೆ ಜತೆಯಾಗುತ್ತದೆ. ವಾಕ್ಯ ಚಿಕ್ಕದಾಗಿರಲಿ, ಮುಖ್ಯ ಪದ ಮೊದಲೇ ಬರಲಿ. ಲಾಕ್ ಪರದೆಯಲ್ಲಿ ಉದ್ದನೆಯ ಸಾಲು ಅರ್ಧಕ್ಕೆ ತುಂಡಾಗುತ್ತದೆ. ಹಾಗೆಯೇ ಲಾಕ್ ಪರದೆಯನ್ನು ಬೇರೆಯವರೂ ನೋಡಬಹುದು ಎಂಬುದು ನೆನಪಿರಲಿ: ಪಾಸ್‌ವರ್ಡ್, ಖಾತೆ ಸಂಖ್ಯೆ, ಖಾಸಗಿ ಆರೋಗ್ಯದ ವಿವರ ಇವನ್ನು ಶೀರ್ಷಿಕೆಯಲ್ಲಿ ಬರೆಯಬಾರದು.

ವೇಳೆಯನ್ನು ಆರಿಸುವಾಗ ಕೆಲಸ ನೆನಪಾಗಬೇಕಾದ ಹೊತ್ತನ್ನು ನೋಡುವ ಬದಲು, ಅದನ್ನು ಮಾಡಲು ಸಾಧ್ಯವಿರುವ ಹೊತ್ತನ್ನು ನೋಡಬೇಕು. ಕಸದ ಡಬ್ಬಿ ಹೊರಗಿಡುವ ರಿಮೈಂಡರ್ ನೀವು ಕಚೇರಿಯಲ್ಲಿರುವಾಗ ಬಂದರೆ ಅದರಿಂದ ಏನೂ ಪ್ರಯೋಜನವಿಲ್ಲ. ಎಲ್ಲವನ್ನೂ ಬೆಳಿಗ್ಗೆ 9ಕ್ಕೆ ಇಡುವುದೂ ಅಷ್ಟೇ ನಿಷ್ಪ್ರಯೋಜಕ; ಒಟ್ಟಿಗೆ ಬಂದ ಐದಾರು ಸೂಚನೆಗಳನ್ನು ಒಂದೇ ಎಳೆತಕ್ಕೆ ಅಳಿಸಿಬಿಡುವುದು ಎಲ್ಲರ ಸಹಜ ವರ್ತನೆ.

ಹೊತ್ತಿಗೆ ಸರಿಯಾಗಿ ಮೊಳಗುವಂತೆ ನೋಡಿಕೊಳ್ಳುವುದು

ನಿಯಮ ಸರಿಯಿದ್ದರೂ ಸೂಚನೆ ಬರುತ್ತಿಲ್ಲ ಎಂಬ ದೂರು ಆ್ಯಂಡ್ರಾಯ್ಡ್ ಬಳಸುವವರಿಂದ ಹೆಚ್ಚಾಗಿ ಕೇಳಿಬರುತ್ತದೆ, ಅದಕ್ಕೆ ಸಕಾರಣಗಳಿವೆ. 2015ರಲ್ಲಿ ಬಂದ ಆ್ಯಂಡ್ರಾಯ್ಡ್ 6ರಿಂದ ‘ಡೋಜ್’ ಎಂಬ ವ್ಯವಸ್ಥೆ ಇದೆ. ಚಾರ್ಜರ್ ಇಲ್ಲದೆ, ಪರದೆ ಆರಿ, ಫೋನು ಅಲುಗಾಡದೆ ಬಹಳ ಹೊತ್ತು ಬಿದ್ದಿದ್ದರೆ ಅದು ಆ್ಯಪ್‌ಗಳ ಹಿನ್ನೆಲೆ ಕೆಲಸಗಳನ್ನು ಮುಂದೂಡಿ, ಆಗಾಗ ಸ್ವಲ್ಪ ಹೊತ್ತು ಮಾತ್ರ ಅವಕಾಶ ಕೊಡುತ್ತದೆ. ಬ್ಯಾಟರಿ ಉಳಿಯಲು ಇದು ಅಗತ್ಯ. ಆದರೆ ಸರಿಯಾಗಿ ರೂಪಿಸದ ರಿಮೈಂಡರ್ ಆ್ಯಪ್ ಇದರಿಂದ ತಡವಾಗಿ ಎಚ್ಚರಗೊಳ್ಳುತ್ತದೆ. 2021ರ ಆ್ಯಂಡ್ರಾಯ್ಡ್ 12ರಲ್ಲಿ, ನಿಖರ ಸಮಯಕ್ಕೆ ಎಚ್ಚರಿಸಲು ಆ್ಯಪ್‌ಗೆ ‘ಅಲಾರಮ್ಸ್ ಆ್ಯಂಡ್ ರಿಮೈಂಡರ್ಸ್’ ಎಂಬ ವಿಶೇಷ ಅನುಮತಿ ಇರಬೇಕೆಂಬ ನಿಯಮ ಬಂತು. 2022ರ ಆ್ಯಂಡ್ರಾಯ್ಡ್ 13ರಿಂದ ನೋಟಿಫಿಕೇಶನ್ ತೋರಿಸಲೂ ಆ್ಯಪ್ ನಿಮ್ಮ ಅನುಮತಿ ಕೇಳಬೇಕು. ಹೊಸ ಆ್ಯಪ್ ತೆರೆದಾಗ ಬರುವ ಆ ಪ್ರಶ್ನೆಗೆ ಅವಸರದಲ್ಲಿ ಬೇಡ ಎಂದು ಒತ್ತಿದ್ದರೆ ಮುಂದಿನ ಯಾವ ರಿಮೈಂಡರ್ ಕೂಡ ಕಾಣಿಸುವುದಿಲ್ಲ.

ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ, ನಿಮ್ಮ ರಿಮೈಂಡರ್ ಆ್ಯಪ್ ಅನ್ನು ತೆರೆದು, ನೋಟಿಫಿಕೇಶನ್ ಆನ್ ಆಗಿದೆಯೇ ನೋಡಿ. ಅದರೊಳಗಿನ ವಿಭಾಗಗಳಲ್ಲಿ ರಿಮೈಂಡರ್‌ಗೆ ಸಂಬಂಧಿಸಿದ್ದು ‘ಸೈಲೆಂಟ್’ ಆಗಿರಬಾರದು. ಅಲ್ಲೇ ಬ್ಯಾಟರಿ ಎಂಬ ಸಾಲಿನಲ್ಲಿ ‘ರಿಸ್ಟ್ರಿಕ್ಟೆಡ್’ ಇದ್ದರೆ ತೆಗೆಯಿರಿ. ಸೂಚನೆಗಳು ತಡವಾಗುತ್ತಿದ್ದರೆ ‘ಅನ್‌ರಿಸ್ಟ್ರಿಕ್ಟೆಡ್’ ಆರಿಸಿ. ಆಮೇಲೆ ‘ಸ್ಪೆಷಲ್ ಆ್ಯಪ್ ಆ್ಯಕ್ಸೆಸ್’ ಎಂಬಲ್ಲಿ ಅಲಾರಂ ಅನುಮತಿ ಇದೆಯೇ ಪರೀಕ್ಷಿಸಿ. ಬಹಳ ಕಾಲ ತೆರೆಯದ ಆ್ಯಪ್‌ಗಳ ಅನುಮತಿಗಳನ್ನು ಆ್ಯಂಡ್ರಾಯ್ಡ್ ತಾನಾಗಿಯೇ ಹಿಂಪಡೆಯುತ್ತದೆ. ವರ್ಷಕ್ಕೊಮ್ಮೆ ಬರುವ ರಿಮೈಂಡರ್‌ಗೆಂದೇ ಇಟ್ಟುಕೊಂಡ ಆ್ಯಪ್‌ಗೆ ಇದು ತೊಂದರೆ ಕೊಡಬಹುದು, ಆದ್ದರಿಂದ ಆ ಆ್ಯಪ್‌ಗೆ ಈ ಆಯ್ಕೆಯನ್ನು ಆಫ್ ಮಾಡಿಡಿ. ಮೆಮೊರಿ ಖಾಲಿ ಮಾಡುತ್ತೇವೆಂದು ಹೇಳುವ ಕ್ಲೀನರ್ ಆ್ಯಪ್‌ಗಳನ್ನು ಬಳಸುವುದನ್ನು ನಿಲ್ಲಿಸುವುದು ಒಳ್ಳೆಯದು. ಬಲವಂತವಾಗಿ ನಿಲ್ಲಿಸಿದ, ಅಂದರೆ ‘ಫೋರ್ಸ್ ಸ್ಟಾಪ್’ ಮಾಡಿದ ಆ್ಯಪ್‌ನ ಬಾಕಿ ಅಲಾರಂಗಳೆಲ್ಲ ರದ್ದಾಗುತ್ತವೆ, ನೀವಾಗಿ ಆ ಆ್ಯಪ್ ಅನ್ನು ಮತ್ತೆ ತೆರೆಯುವವರೆಗೆ ಅವು ಮರಳುವುದಿಲ್ಲ.

ಐಫೋನ್‌ನಲ್ಲಿ ತೊಂದರೆ ಬೇರೆ ಕಡೆಯಿಂದ ಬರುತ್ತದೆ. ಸೈಲೆಂಟ್ ಇದ್ದಾಗಲೂ ಗಡಿಯಾರದ ಅಲಾರಂ ಮೊಳಗುತ್ತದೆ, ಸಾಮಾನ್ಯ ರಿಮೈಂಡರ್‌ನ ದನಿ ಬರುವುದಿಲ್ಲ. ಐಓಎಸ್ 15ರಲ್ಲಿ ಬಂದ ‘ಫೋಕಸ್’ ಮೋಡ್ ಆನ್ ಆಗಿದ್ದರೆ, ಅನುಮತಿಯ ಪಟ್ಟಿಯಲ್ಲಿ ಇಲ್ಲದ ಆ್ಯಪ್‌ಗಳ ಸೂಚನೆಗಳು ಸದ್ದಿಲ್ಲದೆ ಒಂದೆಡೆ ಸೇರುತ್ತವೆ. ಫೋಕಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ ರಿಮೈಂಡರ್ಸ್ ಆ್ಯಪ್ ಅನ್ನು ಆ ಪಟ್ಟಿಗೆ ಸೇರಿಸಿ. ನೋಟಿಫಿಕೇಶನ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾನರ್ ಶೈಲಿಯನ್ನು ‘ಪರ್ಸಿಸ್ಟೆಂಟ್’ ಎಂದು ಬದಲಿಸಿದರೆ, ಫೋನು ಬಳಸುತ್ತಿರುವಾಗ ಬಂದ ಸೂಚನೆ ಕ್ಷಣದಲ್ಲಿ ಮಾಯವಾಗದೆ ನೀವು ತೆಗೆಯುವವರೆಗೆ ನಿಲ್ಲುತ್ತದೆ. ಮಹತ್ವದ ರಿಮೈಂಡರ್‌ಗಳಿಗೆ ಈ ಒಂದು ಬದಲಾವಣೆ ಬಹಳ ಉಪಯುಕ್ತ.

ಪರೀಕ್ಷೆ ಮಾಡುವಾಗ ಐದು ನಿಮಿಷದ ನಂತರದ ರಿಮೈಂಡರ್ ಇಟ್ಟು, ಅದು ಬಂತೆಂದು ಸಮಾಧಾನಪಟ್ಟರೆ ಸಾಲದು. ಅಷ್ಟು ಕಡಿಮೆ ಹೊತ್ತಿನಲ್ಲಿ ಫೋನು ಗಾಢ ನಿದ್ರೆಗೆ ಇಳಿದಿರುವುದೇ ಇಲ್ಲ. ರಾತ್ರಿ ಚಾರ್ಜರ್‌ಗೆ ಹಾಕದೆ ಮೇಜಿನ ಮೇಲಿಟ್ಟು, ನೀವು ಫೋನು ಮುಟ್ಟುವ ಮೊದಲೇ ಬರುವಂತೆ ಮುಂಜಾನೆಗೆ ಒಂದು ರಿಮೈಂಡರ್ ಇಡಿ. ಅದು ನಿಗದಿತ ನಿಮಿಷಕ್ಕೇ ಬಂದರೆ ಆ ಆ್ಯಪ್ ಅನ್ನು ನಂಬಬಹುದು.

ಇನ್ನೊಂದು ಸಂದರ್ಭವನ್ನು ಹೆಚ್ಚಿನವರು ಗಮನಿಸುವುದಿಲ್ಲ. ರಾತ್ರಿ ಅಪ್‌ಡೇಟ್ ಆಗಿ ಫೋನು ತಾನೇ ರೀಸ್ಟಾರ್ಟ್ ಆದರೆ, ನೀವು ಪಿನ್ ಒತ್ತಿ ತೆರೆಯುವವರೆಗೆ ಅದರೊಳಗಿನ ಹೆಚ್ಚಿನ ಮಾಹಿತಿ ಗೂಢಲಿಪಿಯಲ್ಲೇ ಮುಚ್ಚಿರುತ್ತದೆ, ಬಹುತೇಕ ಆ್ಯಪ್‌ಗಳು ಆ ಸ್ಥಿತಿಯಲ್ಲಿ ಕೆಲಸ ಮಾಡಲಾರವು. ಆ್ಯಂಡ್ರಾಯ್ಡ್ 7ರಿಂದ, ಇಂಥ ಸ್ಥಿತಿಯಲ್ಲೂ ಓಡಬಲ್ಲಂತೆ ಅಲಾರಂನಂಥ ಕೆಲವು ಆ್ಯಪ್‌ಗಳನ್ನು ರೂಪಿಸಲು ಅವಕಾಶ ಮಾಡಿಕೊಡಲಾಗಿದೆ. ಹೀಗಾಗಿ ಬೆಳಗಿನ ಜಾವದ ತಪ್ಪಿಸಲಾಗದ ಕೆಲಸಕ್ಕೆ ಟಾಸ್ಕ್ ಆ್ಯಪ್ ಒಂದನ್ನೇ ನೆಚ್ಚದೆ, ಫೋನಿನ ಜತೆ ಬಂದ ಗಡಿಯಾರದ ಆ್ಯಪ್‌ನಲ್ಲೂ ಒಂದು ಅಲಾರಂ ಇಡಬೇಕು. ಫೋನು ಪೂರ್ತಿ ಆಫ್ ಆಗಿದ್ದರೆ ಐಫೋನ್‌ನ ಅಲಾರಂ ಮೊಳಗುವುದಿಲ್ಲ. ಆ್ಯಂಡ್ರಾಯ್ಡ್‌ನಲ್ಲೂ ಅದನ್ನು ನಿರೀಕ್ಷಿಸಬಾರದು.

ಬದಲಾವಣೆ, ಪ್ರಯಾಣ, ಹೊಸ ಫೋನು

ಒಂದು ವಾರದ ಸಭೆಯ ಸಮಯ ಮಾತ್ರ ಬದಲಾದಾಗ ಕ್ಯಾಲೆಂಡರ್ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತದೆ: ಈ ಒಂದನ್ನು ಮಾತ್ರ ಬದಲಿಸಬೇಕೇ, ಇದನ್ನೂ ಮುಂದಿನವನ್ನೂ ಬದಲಿಸಬೇಕೇ, ಎಲ್ಲವನ್ನೂ ಬದಲಿಸಬೇಕೇ. ಈ ಪ್ರಶ್ನೆಯನ್ನು ನಿಧಾನವಾಗಿ ಓದಿ. ಅಳಿಸುವಾಗಂತೂ ಇನ್ನೂ ಎಚ್ಚರ ಬೇಕು. ಒಂದು ದಿನದ್ದನ್ನು ತೆಗೆಯಲು ಹೋಗಿ ಇಡೀ ಸರಣಿಯನ್ನೇ ಅಳಿಸಿದರೆ ಹಿಂದಿನ ದಾಖಲೆಯೂ ಹೋಗುತ್ತದೆ. ನಿಯಮವೇ ಬದಲಾಗಿದ್ದರೆ ‘ಇದನ್ನೂ ಮುಂದಿನವನ್ನೂ’ ಎಂಬುದು ಸಾಮಾನ್ಯವಾಗಿ ಸರಿಯಾದ ಆಯ್ಕೆ.

ಬೇರೆ ಕಾಲವಲಯಕ್ಕೆ ಹೋದಾಗ ಗಡಿಯಾರದ ಅಲಾರಂ ಅಲ್ಲಿಯ ಸ್ಥಳೀಯ ಸಮಯವನ್ನು ಅನುಸರಿಸುತ್ತದೆ: 7 ಗಂಟೆಯ ಅಲಾರಂ ಅಲ್ಲಿಯ 7ಕ್ಕೇ ಮೊಳಗುತ್ತದೆ. ಕ್ಯಾಲೆಂಡರ್‌ನ ಘಟನೆ ಹಾಗಲ್ಲ. ಅದು ಬರೆದ ಕಾಲವಲಯಕ್ಕೆ ಕಟ್ಟಿಕೊಂಡಿರುವುದರಿಂದ, ಅಲ್ಲಿಯ ಗಡಿಯಾರದಲ್ಲಿ ಬೇರೆ ಹೊತ್ತಿಗೆ ಬರುತ್ತದೆ. ದೂರದ ಸಭೆಗೆ ಇದೇ ಬೇಕಾದದ್ದು, ದಿನಚರಿಗೆ ಇದು ಬೇಡವಾದದ್ದು. ಮಾತ್ರೆಗಳ ವೇಳೆಯನ್ನು ಹೊಸ ಕಾಲವಲಯಕ್ಕೆ ಹೇಗೆ ಸರಿಸಬೇಕೆಂಬುದನ್ನು ಹೊರಡುವ ಮೊದಲೇ ವೈದ್ಯರನ್ನು ಕೇಳಿಕೊಳ್ಳಿ.

ಹೊಸ ಫೋನಿಗೆ ಬದಲಾಗುವಾಗ, ಖಾತೆಗೆ ಸೇರಿದ ಕ್ಯಾಲೆಂಡರ್ ಮತ್ತು ಟಾಸ್ಕ್‌ಗಳು ಅದೇ ಖಾತೆಯಿಂದ ಲಾಗಿನ್ ಆದ ಕೂಡಲೇ ಬರುತ್ತವೆ; ಫೋನಿನೊಳಗೆ ಮಾತ್ರ ಉಳಿಸಿದ ಅಲಾರಂಗಳು ಬರುತ್ತವೆ ಎಂಬ ಭರವಸೆ ಇಲ್ಲ. ಹಳೆಯ ಫೋನಿನ ಅಲಾರಂ ಪಟ್ಟಿಯ ಚಿತ್ರ ತೆಗೆದಿಟ್ಟುಕೊಂಡು ಹೊಸದರಲ್ಲಿ ಒಂದೊಂದಾಗಿ ಹೋಲಿಸಿ ನೋಡಿ. ನಿಯಮಗಳು ಖಾತೆಯ ಜತೆ ಬಂದರೂ ಬ್ಯಾಟರಿ, ನೋಟಿಫಿಕೇಶನ್, ಅಲಾರಂ ಅನುಮತಿಗಳು ಹೊಸ ಫೋನಿನಲ್ಲಿ ಮೊದಲಿನಂತೆ ಇರುತ್ತವೆ ಎಂದುಕೊಳ್ಳಬಾರದು; ಅವನ್ನು ಹೊಸದಾಗಿ ಪರಿಶೀಲಿಸಿ, ಮುಂಜಾನೆಯ ಪರೀಕ್ಷೆಯನ್ನು ಅಲ್ಲಿಯೂ ಒಮ್ಮೆ ಮಾಡಿ, ಅದರಲ್ಲಿ ತೇರ್ಗಡೆಯಾಗುವವರೆಗೆ ಹಳೆಯ ಫೋನಿನ ಅಲಾರಂಗಳನ್ನು ಆಫ್ ಮಾಡದೆ ಇಟ್ಟುಕೊಳ್ಳಿ.